‘ಸ್ಥಾವರ ನಿಲ್ಲಿಸಿ’ ಎಂದರೆ ಸಾಲದು, ಯಾವ ಸಹಿ ನಿಲ್ಲಬೇಕು ಹೇಳಿ

ಹೊರದೇಶದ ಅಣುಸ್ಥಾವರವೊಂದು ಕೈಮೀರಿತು ಎಂಬ ಸುದ್ದಿ ಬಂದರೆ ವಾರದೊಳಗೆ ನಮ್ಮ ಕಡೆಯೂ ಮನವಿ ಪತ್ರಗಳು ಹೊರಡುತ್ತವೆ. ದಾವಣಗೆರೆಯಲ್ಲಾದರೆ ಜಯದೇವ ವೃತ್ತದಲ್ಲಿ ಸೇರಿ, ಚಿತ್ರದುರ್ಗದಲ್ಲಾದರೆ ಒನಕೆ ಓಬವ್ವ ವೃತ್ತದಲ್ಲಿ ಘೋಷಣೆ ಕೂಗಿ, ‘ಮಾನ್ಯ ಜಿಲ್ಲಾಧಿಕಾರಿಗಳ ಮೂಲಕ ಘನವೆತ್ತ ರಾಷ್ಟ್ರಪತಿಗಳಿಗೆ’ ಎಂದು ಬರೆದ ಎರಡು ಹಾಳೆ ಕೊಟ್ಟು ಬರುತ್ತೇವೆ. ಟಪಾಲು ಶಾಖೆಯ ಮುದ್ರೆ ಬೀಳುತ್ತದೆ. ತಿಂಗಳು ಕಳೆದ ಮೇಲೆ ‘ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ರವಾನಿಸಿದೆ’ ಎಂಬ ಹಿಂಬರಹ ಬಂದರೆ ಬಂತು, ಇಲ್ಲದಿದ್ದರೆ ಅದೂ ಇಲ್ಲ. ಜನರ ಕಾಳಜಿಯಲ್ಲಿ ಕೊರತೆಯಿಲ್ಲ, ಕೊರತೆ ಇರುವುದು ಕಾಗದದಲ್ಲಿ. ಯಾವ ಅಧಿಕಾರಿ, ಯಾವ ಕಡತದ ಮೇಲೆ, ಯಾವ ಸಹಿ ಹಾಕುವುದನ್ನು ತಡೆಹಿಡಿಯಬೇಕು ಎಂಬುದು ಆ ಎರಡು ಹಾಳೆಗಳಲ್ಲಿ ಇರುವುದಿಲ್ಲ.

ಇದು ನಮ್ಮ ದೇಶಕ್ಕಷ್ಟೇ ಸೇರಿದ ತೊಂದರೆಯಲ್ಲ. 2011ರ ಮಾರ್ಚ್ 11ರಂದು ಫುಕುಶಿಮಾ ದಾಯಿಚಿ ಸ್ಥಾವರ ಮುಳುಗಿತು. ಏಪ್ರಿಲ್‌ನಲ್ಲೇ ಅಮೆರಿಕದ ನಲವತ್ತಕ್ಕೂ ಹೆಚ್ಚು ಸಂಘಟನೆಗಳು ಮತ್ತು ವ್ಯಕ್ತಿಗಳು ಸೇರಿ ಅಲ್ಲಿನ ಅಣು ನಿಯಂತ್ರಣ ಆಯೋಗಕ್ಕೆ ತುರ್ತು ಅರ್ಜಿ ಹಾಕಿದರು. ಜಪಾನಿನ ಪಾಠ ಏನೆಂದು ತಿಳಿಯುವವರೆಗೆ ಬಾಕಿ ಇರುವ ಎಲ್ಲ ಪರವಾನಗಿಗಳನ್ನೂ ತಡೆಹಿಡಿಯಿರಿ ಎಂಬುದು ಬೇಡಿಕೆ. ಸೆಪ್ಟೆಂಬರ್ 9ರ ಆದೇಶದಲ್ಲಿ ಆಯೋಗ ತಡೆಗೆ ಒಪ್ಪಲಿಲ್ಲ. ಹೊಸ ನಿಯಮ ಬಂದರೆ ಆಮೇಲೂ ಅಳವಡಿಸಬಹುದು, ನಿರ್ದಿಷ್ಟ ಆಕ್ಷೇಪವಿದ್ದರೆ ಆಯಾ ಸ್ಥಾವರದ ಪ್ರಕರಣದಲ್ಲೇ ಎತ್ತಿ ಎಂಬುದು ಅದರ ನಿಲುವು. 2012ರ ಫೆಬ್ರುವರಿ 9ರಂದು ಜಾರ್ಜಿಯಾ ರಾಜ್ಯದ ವೋಗ್ಟಲ್ ಸ್ಥಾವರದ ಎರಡು ಹೊಸ ರಿಯಾಕ್ಟರ್‌ಗಳಿಗೆ 4–1 ಮತದಲ್ಲಿ ಪರವಾನಗಿಯೂ ಸಿಕ್ಕಿತು. ವಿರುದ್ಧ ಮತ ಹಾಕಿದವರು ಆಯೋಗದ ಅಧ್ಯಕ್ಷ ಗ್ರೆಗರಿ ಯಾಸ್ಕೊ ಅವರೇ.

ಅದೇ ವರ್ಷ ಆಗಸ್ಟ್ 7ರಂದು ಅದೇ ಆಯೋಗ ಎಲ್ಲ ಅಂತಿಮ ಪರವಾನಗಿಗಳನ್ನು ತಡೆಹಿಡಿಯಿತು. ತಡೆ ಎರಡು ವರ್ಷ ನಿಂತಿತು. ಅದಕ್ಕೆ ಕಾರಣ ಫುಕುಶಿಮಾ ಅಲ್ಲ. ಬಳಸಿದ ಇಂಧನವನ್ನು ಕೊನೆಗೆ ಎಲ್ಲಿಡುತ್ತೀರಿ ಎಂಬ ಪ್ರಶ್ನೆಗೆ ಆಯೋಗ ಮಾಡಿಕೊಂಡಿದ್ದ ನಿಯಮದ ಹಿಂದೆ ಸರಿಯಾದ ಪರಿಸರ ಅಧ್ಯಯನ ಇಲ್ಲ ಎಂದು ಜೂನ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಹೇಳಿತ್ತು. ಆ ತೀರ್ಪು ಹಿಡಿದು ಜನ ಅರ್ಜಿ ಹಾಕಿದರು. ಜಗತ್ತೇ ನೋಡಿದ ಅಪಘಾತದಿಂದ ಆಗದ ಕೆಲಸ ಒಂದು ನಿಯಮದ ಒಂದು ಬಿರುಕನ್ನು ತೋರಿಸಿದ್ದರಿಂದ ಆಯಿತು. ಅರ್ಜಿ ಬರೆಯಲು ಕೂರುವವರು ಮೊದಲು ಗಮನಿಸಬೇಕಾದದ್ದು ಇದನ್ನೇ.

ಅಮೆರಿಕದ ಅರ್ಜಿಯನ್ನು ಹಾಗೇ ಕನ್ನಡಕ್ಕೆ ಇಳಿಸಿದರೂ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಪರವಾನಗಿ ಪ್ರಕ್ರಿಯೆಯೊಳಗೇ ಸಾರ್ವಜನಿಕರು ಕಕ್ಷಿದಾರರಾಗಿ ವಿಚಾರಣೆ ಕೇಳಬಹುದು. ನಮ್ಮಲ್ಲಿ ಸುರಕ್ಷತೆಯ ಒಪ್ಪಿಗೆ ಕೊಡುವುದು ಮುಂಬೈಯ ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ. ಅದು ಹಂತಹಂತವಾಗಿ ಒಪ್ಪಿಗೆ ಕೊಡುತ್ತದೆ: ಮೊದಲು ಜಾಗಕ್ಕೆ, ಆಮೇಲೆ ನಿರ್ಮಾಣಕ್ಕೆ (ಅದರೊಳಗೇ ಪಾಯ ಅಗೆಯಲು, ಮೊದಲ ಕಾಂಕ್ರೀಟ್ ಸುರಿಯಲು, ಮುಖ್ಯ ಯಂತ್ರ ಕೂರಿಸಲು ಬೇರೆ ಬೇರೆ), ಆಮೇಲೆ ಇಂಧನ ತುಂಬಿ ಚಾಲೂ ಮಾಡಲು, ಕೊನೆಗೆ ನಡೆಸಲು. ಈ ಯಾವ ಹಂತದಲ್ಲೂ ಸಾರ್ವಜನಿಕ ಆಲಿಕೆ, ಅಂದರೆ ಜನರ ಅಹವಾಲು ಕೇಳುವ ಸಭೆ, ಕಡ್ಡಾಯವಿಲ್ಲ. ಜನ ಕಾನೂನುಬದ್ಧವಾಗಿ ಬಾಯಿಬಿಡಬಹುದಾದ ಬಾಗಿಲು ಬೇರೆಡೆ ಇದೆ. ಅದು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ.

ಆ ಅಧಿಸೂಚನೆಯಡಿ ಅಣು ವಿದ್ಯುತ್ ಯೋಜನೆಗಳೆಲ್ಲ ‘ಎ’ ವರ್ಗಕ್ಕೆ, ಅಂದರೆ ಕೇಂದ್ರ ಸರ್ಕಾರವೇ ಅನುಮತಿ ಕೊಡುವ ವರ್ಗಕ್ಕೆ, ಸೇರುತ್ತವೆ. ಆಲಿಕೆಯನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕನಿಷ್ಠ 30 ದಿನ ಮುಂಚಿತವಾಗಿ ಒಂದು ರಾಷ್ಟ್ರೀಯ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಬರಬೇಕು. ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಸಭೆಯ ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಪ್ರತಿನಿಧಿಯದು. ಇಡೀ ಸಭೆಯ ವಿಡಿಯೊ ಆಗಬೇಕು. ಕೊನೆಯಲ್ಲಿ ನಡಾವಳಿಯ ಸಾರವನ್ನು ಕನ್ನಡದಲ್ಲಿ ಓದಿ ಹೇಳಿ, ಅದೇ ದಿನ ಸಹಿ ಹಾಕಬೇಕು. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಮಾತಾಡಿ, ಚಪ್ಪಾಳೆ ಗಿಟ್ಟಿಸಿ, ಊಟದ ಹೊತ್ತಿಗೆ ಬಸ್ ಹತ್ತುತ್ತಾರೆ. ಸಂಜೆ ಓದುವ ಸಾರದಲ್ಲಿ ‘ಕೆಲವರು ಸುರಕ್ಷತೆ ಕುರಿತು ಆತಂಕ ವ್ಯಕ್ತಪಡಿಸಿದರು’ ಎಂಬ ಒಂದೇ ಸಾಲು ಉಳಿಯುತ್ತದೆ. ದೆಹಲಿಯ ತಜ್ಞರ ಸಮಿತಿಯ ಮುಂದೆ ಹೋಗುವುದು ಆ ಸಾಲೇ. ಹಾಗಾಗಿ ಓದುವಾಗ ಇಬ್ಬರಾದರೂ ಕೂತಿರಬೇಕು, ತಪ್ಪಿದ್ದರೆ ಸಹಿ ಬೀಳುವ ಮೊದಲೇ ಎದ್ದು ತಿದ್ದಿಸಬೇಕು. ಹೇಳಿದ್ದನ್ನು ಬರಹದಲ್ಲೂ ಕೊಟ್ಟು ಸ್ವೀಕೃತಿ ಪಡೆಯಬೇಕು.

ನಮ್ಮ ಎರಡು ಜಿಲ್ಲೆಯವರಿಗೆ ಇನ್ನೊಂದು ಮಾತು. ಆಲಿಕೆ ಸಭೆ ಸ್ಥಳೀಯವಾಗಿ ಬಾಧಿತರಾಗುವವರಿಗೆ. ಕೈಗಾದ ಸಭೆ ಉತ್ತರ ಕನ್ನಡದಲ್ಲೇ ನಡೆಯುತ್ತದೆ. ದಾವಣಗೆರೆಯವರಿಗೆ ಏನು ಸಂಬಂಧ ಎಂದು ಕೇಳಿದರೆ ಉತ್ತರ ಸಿದ್ಧವಿರಲಿ: ಹರಿಹರದ ಪಕ್ಕದ ಗುತ್ತೂರಿನ 400 ಕೆ.ವಿ. ಸ್ವೀಕರಣಾ ಕೇಂದ್ರಕ್ಕೆ ಕೈಗಾದಿಂದ ಲೈನ್ ಬಂದಿದೆ, ಆ ವಿದ್ಯುತ್ತಿನ ಬಳಕೆದಾರರು ನಾವು. ಯೋಜನೆಯ ಪರಿಸರ ಅಂಶಗಳಲ್ಲಿ ನಂಬಬಹುದಾದ ಹಿತಾಸಕ್ತಿ ಇರುವ ಯಾರೇ ಆದರೂ ಲಿಖಿತ ಅಭಿಪ್ರಾಯ ಕಳಿಸಬಹುದು ಎಂದು ಅಧಿಸೂಚನೆಯೇ ಹೇಳುತ್ತದೆ. ಕೈಗಾದ 5 ಮತ್ತು 6ನೇ ಘಟಕಗಳ (ತಲಾ 700 ಮೆಗಾವ್ಯಾಟ್) ಆಲಿಕೆ 2018ರ ಡಿಸೆಂಬರ್‌ನಲ್ಲೇ ಮುಗಿದಿದೆ. ನಾಳೆ ಎಲ್ಲೋ ಅಪಘಾತವಾದರೆ ಆ ಬಾಗಿಲು ತೆರೆದಿರುವುದಿಲ್ಲ. ಆಗ ಹಿಡಿಯಬೇಕಾದದ್ದು ಎಇಆರ್‌ಬಿಯ ಮುಂದಿನ ಹಂತದ ಒಪ್ಪಿಗೆಯನ್ನು.

ಇನ್ನು ಅರ್ಜಿಯ ಹೂರಣ. ‘ಜಪಾನಿನಲ್ಲಿ ಆದದ್ದು ಇಲ್ಲೂ ಆಗಬಹುದು’ ಎಂದು ಬರೆದರೆ ‘ಕೈಗಾಕ್ಕೆ ಸುನಾಮಿ ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಉತ್ತರ ಸರಿಯಾಗಿಯೇ ಇರುತ್ತದೆ. ಫುಕುಶಿಮಾದಲ್ಲಿ ನಿಜವಾಗಿ ಸೋತದ್ದು ಏನು ಎಂದು ಬಿಡಿಸಿ ನೋಡಬೇಕು. ಭೂಕಂಪಕ್ಕೆ ಹೊರಗಿನ ವಿದ್ಯುತ್ ಲೈನ್‌ಗಳೆಲ್ಲ ಹೋದವು. ರಿಯಾಕ್ಟರ್‌ಗಳು ತಾವಾಗಿ ನಿಂತವು, ಡೀಸೆಲ್ ಜನರೇಟರ್‌ಗಳು ಚಾಲೂ ಆದವು. ಅಲ್ಲಿಯವರೆಗೆ ಎಲ್ಲ ಸರಿ. ಸುಮಾರು 50 ನಿಮಿಷದ ಮೇಲೆ 14–15 ಮೀಟರ್ ನೀರು ಬಂತು. ಲೆಕ್ಕ ಹಾಕಿಕೊಂಡಿದ್ದ ಅಲೆಯ ಎತ್ತರ 5.7 ಮೀಟರ್. ಜನರೇಟರ್‌ಗಳು, ಅವುಗಳ ಕರೆಂಟನ್ನು ಹಂಚುವ ಸ್ವಿಚ್‌ಗೇರ್ ಪ್ಯಾನೆಲ್‌ಗಳು, ಬ್ಯಾಟರಿಗಳು ಬಹುಪಾಲು ಇದ್ದದ್ದು ಕಟ್ಟಡಗಳ ನೆಲಮಾಳಿಗೆಯಲ್ಲಿ. ಒಂದೇ ನೀರು ಮೂರನ್ನೂ ಮುಳುಗಿಸಿತು. 6ನೇ ಘಟಕದ ಒಂದು ಜನರೇಟರ್ ಎತ್ತರದ ಜಾಗದಲ್ಲಿತ್ತು, ಅದು ತಣ್ಣಗಾಗುತ್ತಿದ್ದದ್ದು ಸಮುದ್ರದ ನೀರಿನಿಂದಲ್ಲ, ಗಾಳಿಯಿಂದ. ಆ ಒಂದೇ ಯಂತ್ರ 5 ಮತ್ತು 6ನೇ ಘಟಕಗಳೆರಡನ್ನೂ ಉಳಿಸಿತು. ಜನರೇಟರ್ ಎಷ್ಟಿವೆ ಎಂಬ ಪ್ರಶ್ನೆ ಆಮೇಲಿನದು. ಎಷ್ಟು ಎತ್ತರದಲ್ಲಿವೆ, ಯಾವುದರಿಂದ ತಣ್ಣಗಾಗುತ್ತವೆ, ಪ್ಯಾನೆಲ್ ಎಲ್ಲಿದೆ ಎಂಬುದು ಮೊದಲಿನದು.

ನಿಂತ ರಿಯಾಕ್ಟರಿಗೆ ಕರೆಂಟ್ ಏಕೆ ಬೇಕು ಎಂಬುದನ್ನೂ ಅರ್ಜಿಯಲ್ಲಿ ಒಂದು ಪ್ಯಾರಾ ವಿವರಿಸಿ, ಓದುವ ನ್ಯಾಯಾಧೀಶರಿಗೆ ಅದು ಬೇಕು. 700 ಮೆಗಾವ್ಯಾಟ್ ವಿದ್ಯುತ್ ಕೊಡುವ ಘಟಕದೊಳಗೆ ಹುಟ್ಟುವ ಶಾಖ 2,100 ಮೆಗಾವ್ಯಾಟ್‌ಗೂ ಹೆಚ್ಚು. ನಿಲ್ಲಿಸಿದ ಕ್ಷಣದಲ್ಲೂ ಅದರ ಶೇ 6–7ರಷ್ಟು ಉಳಿದಿರುತ್ತದೆ. ಒಂದು ದಿನ ಕಳೆದ ಮೇಲೂ ಅರ್ಧ ಶೇಕಡಾ, ಅಂದರೆ 10 ಮೆಗಾವ್ಯಾಟ್ ಆಸುಪಾಸು. ನಮ್ಮ ಹೊಲಗಳ ಏಳೂವರೆ ಎಚ್‌ಪಿ ಬೋರ್‌ವೆಲ್ ಮೋಟರ್‌ಗಳ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 1,800 ಮೋಟರ್‌ಗಳ ಶಕ್ತಿ, ಬಿಸಿಯ ರೂಪದಲ್ಲಿ, ಬಿಡುವಿಲ್ಲದೆ. ಅದನ್ನು ಹೊರಗೆ ಹಾಕಲು ನೀರು ಓಡುತ್ತಲೇ ಇರಬೇಕು.

ಈ ಸೋಲಿನ ಕೈಗಾ ರೂಪ ಯಾವುದು? ಅಲ್ಲಿ ಸಮುದ್ರವಿಲ್ಲ, ಕಾಳಿ ನದಿ ಇದೆ. ಸ್ಥಾವರ ಕದ್ರಾ ಜಲಾಶಯದ ದಂಡೆಯಲ್ಲಿದೆ. ಮೇಲೆ ಕೊಡಸಳ್ಳಿ ಅಣೆಕಟ್ಟು, ಅದಕ್ಕೂ ಮೇಲೆ ಸೂಪಾ. ಹಾಗಾಗಿ ಕೇಳಬೇಕಾದದ್ದು: ನೆರೆ ಮಟ್ಟದ ಲೆಕ್ಕದಲ್ಲಿ ಮೇಲಿನ ಅಣೆಕಟ್ಟು ಒಡೆಯುವುದನ್ನು, ಒಂದರ ಹಿಂದೆ ಒಂದು ಒಡೆಯುವುದನ್ನು ಸೇರಿಸಿದ್ದೀರಾ? ಆ ಮಟ್ಟಕ್ಕಿಂತ ಜನರೇಟರ್, ಪ್ಯಾನೆಲ್, ಬ್ಯಾಟರಿ ಕೋಣೆಗಳ ನೆಲ ಎಷ್ಟು ಮೀಟರ್ ಮೇಲಿದೆ? ಬ್ಯಾಟರಿ ಎಷ್ಟು ಗಂಟೆ ಬಾಳುತ್ತದೆ, ಡೀಸೆಲ್ ಎಷ್ಟು ದಿನಕ್ಕಿದೆ, ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಟ್ಯಾಂಕರ್ ಯಾವ ದಾರಿಯಲ್ಲಿ ಬರುತ್ತದೆ? ಹೊರಗಿನಿಂದ ಪಂಪ್ ಜೋಡಿಸಿ ನೀರು ಕೊಡುವ ಕೊಳವೆಬಾಯಿ ಇದೆಯೇ ಎಂದು ಕೇಳಬೇಡಿ. 2011ರ ನಂತರ ಅಂಥವನ್ನು ಅಳವಡಿಸಿದ್ದೇವೆ ಎಂದು ಅಣುವಿದ್ಯುತ್ ನಿಗಮ ಹೇಳುತ್ತಲೇ ಬಂದಿದೆ. ಕೊನೆಯ ಸಲ ಯಾವ ದಿನ ಜೋಡಿಸಿ ನೋಡಿದಿರಿ, ಎಷ್ಟು ನಿಮಿಷ ಹಿಡಿಯಿತು, ನಿಮಿಷಕ್ಕೆ ಎಷ್ಟು ಲೀಟರ್ ಹರಿಯಿತು ಎಂದು ಕೇಳಿ.

ಹೊರದೇಶದ ಅಪಘಾತದ ಪಕ್ಕದಲ್ಲಿ ದೇಶದೊಳಗಿನ ದಾಖಲೆ ಇಟ್ಟರೆ ಅರ್ಜಿಗೆ ತೂಕ ಬರುತ್ತದೆ. 1993ರ ಮಾರ್ಚ್ 31ರಂದು ನರೋರಾದಲ್ಲಿ ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಹತ್ತಿ, ಸ್ಥಾವರ ಸುಮಾರು 17 ಗಂಟೆ ಪೂರ್ತಿ ಕತ್ತಲಲ್ಲಿತ್ತು. 1994ರ ಜೂನ್‌ನಲ್ಲಿ ಕಾಕ್ರಾಪಾರದ ಟರ್ಬೈನ್ ಕಟ್ಟಡಕ್ಕೆ ನೆರೆ ನೀರು ನುಗ್ಗಿತು. 2004ರ ಸುನಾಮಿಯಲ್ಲಿ ಕಲ್ಪಾಕ್ಕಂನ ಪಂಪ್‌ಹೌಸ್ ಮುಳುಗಿತು. ಅಣೆಕಟ್ಟಿನ ಗೇಟ್ ಹೋಗುವುದೆಲ್ಲಿ ಎನ್ನುವವರಿಗೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾದದ್ದು ಸಾಕು. ಅದನ್ನು ಹರಿಹರದವರಿಗೆ ವಿವರಿಸಬೇಕಾಗಿಲ್ಲ.

ಚಳ್ಳಕೆರೆ ತಾಲ್ಲೂಕಿನವರು ಉಳ್ಳಾರ್ತಿ ಕಾವಲಿನ (ಹುಲ್ಲುಗಾವಲಿನ) ವಿಷಯಕ್ಕೆ ಫುಕುಶಿಮಾ ಎತ್ತಿದರೆ ಅರ್ಜಿ ಮೊದಲ ಪುಟದಲ್ಲೇ ಬೀಳುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಅಲ್ಲಿ ಜಮೀನು ಕೊಟ್ಟದ್ದು ವಿದ್ಯುತ್ ರಿಯಾಕ್ಟರಿಗಲ್ಲ, ಯುರೇನಿಯಂ ಸಮೃದ್ಧೀಕರಣಕ್ಕೆ, ಅಂದರೆ ಅದರಲ್ಲಿನ ಸೀಳಬಲ್ಲ ಅಂಶವನ್ನು ಹೆಚ್ಚಿಸುವ ಕೆಲಸಕ್ಕೆ. ಅಲ್ಲಿಗೆ ಹೊಂದುವ ಅಪಘಾತಗಳು ಬೇರೆ. 1986ರ ಜನವರಿಯಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡ್ ಸಿಲಿಂಡರಿಗೆ ಮಿತಿಮೀರಿ ತುಂಬಿ, ಅದನ್ನು ಬಿಸಿ ಮಾಡಿದಾಗ ಸೀಳಿತು. ಆ ವಸ್ತು ಗಾಳಿಯ ತೇವಕ್ಕೆ ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲ ಆಗುತ್ತದೆ. ಒಬ್ಬ ಕೆಲಸಗಾರ ಸತ್ತದ್ದು ವಿಕಿರಣದಿಂದಲ್ಲ, ಆ ಆಮ್ಲದಿಂದ. 1999ರ ಸೆಪ್ಟೆಂಬರ್ 30ರಂದು ಜಪಾನಿನ ತೊಕಾಯಿಮುರಾದಲ್ಲಿ 2.4 ಕೆ.ಜಿ. ಮಿತಿಯಿದ್ದ ತೊಟ್ಟಿಗೆ ಸುಮಾರು 16 ಕೆ.ಜಿ. ಸಮೃದ್ಧ ಯುರೇನಿಯಂನ ದ್ರಾವಣ ಸುರಿದರು. ಸರಪಳಿ ಕ್ರಿಯೆ ಶುರುವಾಗಿ ಇಬ್ಬರು ಸತ್ತರು, ಸುತ್ತಲ 350 ಮೀಟರ್ ಒಳಗಿನವರನ್ನು ಖಾಲಿ ಮಾಡಿಸಿದರು. ಇನ್ನೊಂದು ತಪ್ಪೂ ಆಗುತ್ತದೆ: ಉಳ್ಳಾರ್ತಿಯ ಅರ್ಜಿಯನ್ನು ಎಇಆರ್‌ಬಿಗೆ ಕಳಿಸುವುದು. 2000ದಿಂದ ಭಾಭಾ ಕೇಂದ್ರದ ಘಟಕಗಳು ಎಇಆರ್‌ಬಿಯ ಕೈಯಿಂದ ಹೊರಗಿವೆ, ಅವನ್ನು ನೋಡುವುದು ಕೇಂದ್ರದ್ದೇ ಸುರಕ್ಷತಾ ಮಂಡಳಿ. ರಾಷ್ಟ್ರದ ಭದ್ರತೆಗೆ ಸೇರಿದ್ದು ಎಂದು ಕೇಂದ್ರ ಸರ್ಕಾರ ತೀರ್ಮಾನಿಸಿದ ಯೋಜನೆಗೆ ಸಾರ್ವಜನಿಕ ಆಲಿಕೆಯಿಂದಲೂ ವಿನಾಯಿತಿ ಇದೆ. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಈ ಏರ್ಪಾಡು ಸರಿಯಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆದರೆ ಅದು ಬದಲಾಗುವವರೆಗೆ ಹಿಡಿಯಲು ಸಿಗುವ ಎಳೆಗಳು ನೀರು, ಅಮೃತಮಹಲ್ ಕಾವಲು ಮತ್ತು ಮೇವಿನ ಹಕ್ಕು. ಅಲ್ಲಿನ ಜನ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋದಾಗ ಹಿಡಿದದ್ದೂ ಕಾವಲಿನ ಎಳೆಯನ್ನೇ.

ನ್ಯಾಯಾಲಯಕ್ಕೆ ಹೋಗುವುದಾದರೆ ದಿನದ ಲೆಕ್ಕ ಮುಖ್ಯ. ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ 30 ದಿನ, ತಕ್ಕ ಕಾರಣ ತೋರಿಸಿದರೆ ಇನ್ನೂ 60. ತೊಂಬತ್ತೊಂದನೇ ದಿನ ಯಾವ ಕಾರಣವೂ ನಡೆಯುವುದಿಲ್ಲ. ಅಣುಶಕ್ತಿ ಕಾಯ್ದೆ ಆ ನ್ಯಾಯಮಂಡಳಿ ವಿಚಾರಿಸಬಹುದಾದ ಕಾಯ್ದೆಗಳ ಅನುಸೂಚಿಯಲ್ಲಿ ಇಲ್ಲ, ಆದ್ದರಿಂದ ಅಲ್ಲಿ ಪರಿಸರ ಅನುಮತಿಯನ್ನಷ್ಟೇ ಪ್ರಶ್ನಿಸಿ. ಎಇಆರ್‌ಬಿಯ ಒಪ್ಪಿಗೆಯ ವಿರುದ್ಧವಾದರೆ ಹೈಕೋರ್ಟಿನಲ್ಲಿ ರಿಟ್. ದಾವಣಗೆರೆ, ಚಿತ್ರದುರ್ಗ ಬೆಂಗಳೂರು ಪೀಠಕ್ಕೆ ಸೇರಿವೆ, ಕಾರವಾರ ಧಾರವಾಡ ಪೀಠಕ್ಕೆ. ಕೈಗಾದ ರಿಟ್ಟನ್ನು ಎಲ್ಲಿ ಹಾಕಬೇಕೆಂದು ವಕೀಲರು ಮೊದಲೇ ತೀರ್ಮಾನಿಸಲಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಣುಶಕ್ತಿಗೆ ಹೊಸ ಕಾನೂನನ್ನು ಅಂಗೀಕರಿಸಿದೆ. ಕಲಂ ನಮೂದಿಸುವ ಮೊದಲು ಆ ದಿನ ಜಾರಿಯಲ್ಲಿರುವುದು ಯಾವುದು ಎಂದು ನೋಡಿಕೊಳ್ಳಿ, 1962ರ ಕಾಯ್ದೆಯ ಹಳೆ ಅರ್ಜಿಯನ್ನು ನಕಲು ಮಾಡಬೇಡಿ.

ಬೇಡಿಕೆಯ ಪ್ಯಾರಾ ಹೇಗಿರಬೇಕು ಎಂಬುದಕ್ಕೆ ಕೂಡಂಕುಳಂ ಪ್ರಕರಣ ನೋಡಿ. ಸುಪ್ರೀಂ ಕೋರ್ಟ್ 2013ರ ಮೇ 6ರಂದು ಸ್ಥಾವರ ಬೇಡವೆನ್ನುವ ವಾದವನ್ನು ಒಪ್ಪಲಿಲ್ಲ. ಆದರೆ 15 ನಿರ್ದೇಶನ ಕೊಟ್ಟಿತು. ಬಿಡಿಭಾಗಗಳ ಗುಣಮಟ್ಟ ಖಾತರಿಪಡಿಸಿ ಅಂತಿಮ ಒಪ್ಪಿಗೆ ಕೊಡುವವರೆಗೆ ಚಾಲೂ ಮಾಡಬೇಡಿ ಎಂಬುದು ಅವುಗಳಲ್ಲಿ ಒಂದು. ಫುಕುಶಿಮಾದ ನಂತರ ಸರ್ಕಾರದ್ದೇ ಸಮಿತಿ ಕೂಡಂಕುಳಂಗೆ 17 ಶಿಫಾರಸು ಮಾಡಿತ್ತು. ಅರ್ಜಿದಾರರು ಅದನ್ನೇ ಕೈಗೆತ್ತಿಕೊಂಡು, ಇವು ಜಾರಿಯಾದ ಮೇಲೆಯೇ ಮುಂದಿನ ಹೆಜ್ಜೆ ಎಂದು ಕೇಳಿದ್ದರು. ಎದುರು ಪಕ್ಷದ ಕಾಗದವನ್ನೇ ಆಧಾರವಾಗಿ ಹಿಡಿಯುವುದು ಎಂದರೆ ಇದು. ‘ಅಣುಸ್ಥಾವರ ರದ್ದುಗೊಳಿಸಬೇಕು’ ಎಂದು ಬರೆಯುವ ಬದಲು ಹೀಗೆ ಬರೆಯಿರಿ: ‘ಇಂಥ ಘಟಕಕ್ಕೆ ಮೊದಲ ಕಾಂಕ್ರೀಟ್ ಸುರಿಯುವ ಒಪ್ಪಿಗೆಯನ್ನು, ಮೇಲಿನ ಅಣೆಕಟ್ಟು ಒಡೆದಾಗಿನ ನೆರೆ ಮಟ್ಟದ ಮರುಲೆಕ್ಕ ಮುಗಿದು ಅದರ ಸಾರಾಂಶ ಕನ್ನಡದಲ್ಲಿ ಪ್ರಕಟವಾಗುವವರೆಗೆ ತಡೆಹಿಡಿಯಬೇಕು.’ ಅಧಿಕಾರಿ, ಹಂತ, ಅಲ್ಲಿಯವರೆಗಿನ ಷರತ್ತು, ಮೂರೂ ಒಂದೇ ವಾಕ್ಯದಲ್ಲಿ.

ಆಧಾರ ಬೇಕಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ಕಚೇರಿಗೆ ಹಾಕುವ ಅರ್ಜಿ ಒಂದೇ ವಿಷಯದ್ದಾಗಿ, 150 ಪದ ಮೀರದಂತೆ ಇರಬೇಕು ಎಂಬ ಕರ್ನಾಟಕದ ನಿಯಮ ಮರೆಯಬೇಡಿ. ಕೇಂದ್ರದವರು ಭದ್ರತೆ ಎಂದು ನಿರಾಕರಿಸಿದರೆ, ಕಲಂ 10ರಡಿ ಗುಟ್ಟಿನ ಭಾಗ ಮುಚ್ಚಿ ಉಳಿದದ್ದು ಕೊಡಿ ಎಂದು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಸಹಿ ಸಂಗ್ರಹಿಸುವವರು ಖಾಲಿ ಹಾಳೆಯಲ್ಲಿ ಸಹಿ ಪಡೆದು ಆಮೇಲೆ ಬೇಡಿಕೆಯನ್ನು ಪಿನ್ ಹೊಡೆಯುವುದುಂಟು. ಅಂಥ ಹತ್ತು ಸಾವಿರ ಸಹಿಗೂ ಬೆಲೆ ಸಿಗುವುದಿಲ್ಲ. ಪ್ರತಿ ಹಾಳೆಯ ತಲೆಯಲ್ಲಿ ಪೂರ್ತಿ ಬೇಡಿಕೆ ಅಚ್ಚಾಗಿರಲಿ, ಪ್ರತಿ ಸಹಿಯ ಮುಂದೆ ಹೆಸರು, ಊರು, ತಾರೀಖು ಇರಲಿ.

ಸಮಯದ ವಿಷಯದಲ್ಲಿ ನಮ್ಮ ಸಲಹೆ ಎರಡು ಅರ್ಜಿ. ಅಪಘಾತವಾದ ವಾರದಲ್ಲೇ ಒಂದು ಪುಟದ್ದು ಕಳಿಸಿ. ಯಾವ ಒಪ್ಪಿಗೆ ಬಾಕಿ ಇದೆ, ವಿವರವಾದ ಅರ್ಜಿ ಬರುತ್ತಿದೆ ಎಂದಷ್ಟೇ ಅದರಲ್ಲಿರಲಿ. ಎರಡನೆಯದು ಅಪಘಾತದ ಮೊದಲ ತಾಂತ್ರಿಕ ವರದಿ ಕೈಗೆ ಬಂದ ಮೇಲೆ. 2011ರಲ್ಲಿ ಅಮೆರಿಕದ ಅರ್ಜಿ ಏಪ್ರಿಲ್‌ನಲ್ಲಿ ಹೋಯಿತು, ಆಯೋಗದ ಕಾರ್ಯಪಡೆಯ ವರದಿ ಬಂದದ್ದು ಜುಲೈ 12ಕ್ಕೆ. ಬಳಸಿದ ಇಂಧನದ ಕೊಳದಲ್ಲಿ ನೀರು ಎಷ್ಟಿದೆ ಎಂದು ತೋರಿಸುವ ನಂಬಿಕಸ್ತ ಮಾಪಕ, ರಿಯಾಕ್ಟರ್ ಕಟ್ಟಡದ ಒತ್ತಡವನ್ನು ಹೊರಬಿಡುವ ಗಟ್ಟಿಯಾದ ಕೊಳವೆ, ಸಾಗಿಸಬಹುದಾದ ಪಂಪ್‌ಗಳು, ಇವೆಲ್ಲ ಆ ವರದಿಯಲ್ಲಿದ್ದವು. 2012ರ ಮಾರ್ಚ್ 12ರಂದು ಅವು ಆಯೋಗದ ಕಡ್ಡಾಯ ಆದೇಶಗಳಾಗಿ ಹೊರಬಂದವು. ಎರಡನೇ ಅರ್ಜಿಯಲ್ಲಿ ಮೊದಲನೆಯದರ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕವನ್ನು ಉಲ್ಲೇಖದ ಜಾಗದಲ್ಲಿ ಬರೆಯಿರಿ. ಎರಡರ ನಕಲೂ, ಅಂಚೆ ರಸೀದಿಯ ಜೊತೆ, ಒಂದೇ ಕಡತದಲ್ಲಿರಲಿ.