ಬೀರುಗಳಲ್ಲಿ ಎರಡು ಟನ್ ನೋಟು: ಲೈ ಶಿಯಾವ್‌ಮಿನ್ ಮತ್ತು ಹುವಾರೊಂಗ್ ಲೆಕ್ಕ

ಚೀನಾದಲ್ಲಿ 100 ಯುವಾನ್‌ಗಿಂತ ದೊಡ್ಡ ನೋಟಿಲ್ಲ. ಅದರ ಉದ್ದ 155 ಮಿಲಿಮೀಟರ್, ಅಗಲ 77, ತೂಕ ಸುಮಾರು 1.15 ಗ್ರಾಂ. ಸರ್ಕಾರಿ ಹಣಕಾಸು ಸಂಸ್ಥೆ ಹುವಾರೊಂಗ್‌ನ ಅಧ್ಯಕ್ಷನಾಗಿದ್ದ ಲೈ ಶಿಯಾವ್‌ಮಿನ್ ಬೀಜಿಂಗ್‌ನ ಒಂದು ಫ್ಲ್ಯಾಟ್‌ನಲ್ಲಿ ಬಚ್ಚಿಟ್ಟಿದ್ದ ನಗದು 20 ಕೋಟಿ ಯುವಾನ್‌ಗೂ ಹೆಚ್ಚು. ಕಡಿಮೆಯೆಂದರೂ 20 ಲಕ್ಷ ನೋಟು, 2.3 ಟನ್. ನೂರು ನೋಟಿನ ಕಟ್ಟು ಒಂದು ಸೆಂಟಿಮೀಟರ್ ದಪ್ಪವೆಂದು ಹಿಡಿದರೆ 20 ಸಾವಿರ ಕಟ್ಟುಗಳು ಎರಡೂವರೆ ಘನ ಮೀಟರಿನಷ್ಟು ಜಾಗ ತಿನ್ನುತ್ತವೆ. ದೊಡ್ಡ ಬೀರುಗಳು ಮೂರು ಬೇಕು. ಇದೇ ಮೊತ್ತ 500 ಯೂರೋ ನೋಟುಗಳಲ್ಲಿದ್ದಿದ್ದರೆ ಹೆಚ್ಚೆಂದರೆ 60 ಕಿಲೊ ತೂಗುತ್ತಿತ್ತು. ಲಂಚಕೋರನ ಬೆನ್ನು ಮುರಿಯಲಿಕ್ಕೆ ಸಣ್ಣ ನೋಟೇ ಸಾಕು.

ಆ ಮನೆಗೆ ಲೈ ಇಟ್ಟಿದ್ದ ಗುಟ್ಟಿನ ಹೆಸರು ‘ಸೂಪರ್‌ಮಾರ್ಕೆಟ್’. ಬಂದ ಹಣವನ್ನು ಅಲ್ಲಿಗೆ ಸಾಗಿಸಿ ಇಡುವುದಷ್ಟೇ, ಖರ್ಚು ಮಾಡಲು ಧೈರ್ಯವಾಗಲಿಲ್ಲ ಎಂದು 2020ರ ಜನವರಿಯಲ್ಲಿ ಸರ್ಕಾರಿ ಟೀವಿಯ ಮುಂದೆ ತಾನೇ ಹೇಳಿಕೊಂಡ.

ಲೈ ಹುಟ್ಟಿದ್ದು 1962ರಲ್ಲಿ, ಜಿಯಾಂಗ್‌ಶಿ ಪ್ರಾಂತ್ಯದ ರೂಯ್‌ಜಿನ್‌ನಲ್ಲಿ. ಮಾವೋನ ಮೊದಲ ಕಮ್ಯುನಿಸ್ಟ್ ಗಣರಾಜ್ಯದ ರಾಜಧಾನಿಯಾಗಿದ್ದ ಊರು ಅದು. ಕೇಂದ್ರ ಬ್ಯಾಂಕಿನಲ್ಲಿ ನೌಕರಿ ಆರಂಭಿಸಿ, ನಂತರ ಬ್ಯಾಂಕುಗಳ ಮೇಲೆ ಕಣ್ಣಿಡುವ ನಿಯಂತ್ರಣ ಆಯೋಗಕ್ಕೆ ಹೋಗಿ, 2009ರಲ್ಲಿ ಹುವಾರೊಂಗ್ ಸೇರಿದ. 2012ರಲ್ಲಿ ಅಧ್ಯಕ್ಷನಾದ. ಬೇಲಿ ಕಾಯುತ್ತಿದ್ದವನು ಹೊಲಕ್ಕಿಳಿದ ಎನ್ನೋಣವೇ? ಅದೂ ಪೂರ್ತಿ ಸರಿಯಲ್ಲ. ನ್ಯಾಯಾಲಯ ಲೆಕ್ಕ ಹಾಕಿದ ಲಂಚಗಳು 2008ರಿಂದಲೇ ಶುರು, ಅಂದರೆ ಬೇಲಿ ಕಾಯುತ್ತಿದ್ದಾಗಲೇ.

ಈ ಹುವಾರೊಂಗ್ ಸಾಮಾನ್ಯ ಬ್ಯಾಂಕಲ್ಲ. 1990ರ ದಶಕದ ಕೊನೆಗೆ ಚೀನಾದ ನಾಲ್ಕು ದೊಡ್ಡ ಸರ್ಕಾರಿ ಬ್ಯಾಂಕುಗಳ ಹೊಟ್ಟೆಯಲ್ಲಿ ವಸೂಲಾಗದ ಸಾಲ ತುಂಬಿಕೊಂಡಿತ್ತು. 1999ರಲ್ಲಿ ಹಣಕಾಸು ಸಚಿವಾಲಯ ಬ್ಯಾಂಕಿಗೊಂದರಂತೆ ನಾಲ್ಕು ಕಂಪನಿ ಹುಟ್ಟುಹಾಕಿ, ತಲಾ 1,000 ಕೋಟಿ ಯುವಾನ್ ಬಂಡವಾಳ ಕೊಟ್ಟು, ಸುಮಾರು 1.4 ಲಕ್ಷ ಕೋಟಿ ಯುವಾನ್‌ನ ಕೆಟ್ಟ ಸಾಲವನ್ನು ಅವುಗಳ ತಲೆಗೆ ಕಟ್ಟಿತು. ಐಸಿಬಿಸಿ ಬ್ಯಾಂಕಿನ ಪಾಲು ಹುವಾರೊಂಗ್‌ಗೆ ಬಂತು. ಹತ್ತು ವರ್ಷದಲ್ಲಿ ಕಸ ಗುಡಿಸಿ ಮುಚ್ಚಿಕೊಂಡು ಹೋಗಬೇಕೆಂಬುದು ಅಂದಿನ ಯೋಚನೆ. (ನಮ್ಮಲ್ಲೂ 2021ರಲ್ಲಿ ಎನ್‌ಎಆರ್‌ಸಿಎಲ್ ಎಂಬ ‘ಬ್ಯಾಡ್ ಬ್ಯಾಂಕ್’ ಬಂತು. ಅದರ ಮುಖ್ಯ ಪ್ರಾಯೋಜಕ ಬೆಂಗಳೂರಿನ ಕೆನರಾ ಬ್ಯಾಂಕ್.)

ಕಸ ಗುಡಿಸುವ ಕೆಲಸ ನಿಧಾನದ್ದು. ನೂರು ರೂಪಾಯಿ ಮುಖಬೆಲೆಯ ಕೆಟ್ಟ ಸಾಲವನ್ನು 30ಕ್ಕೆ ಕೊಳ್ಳಬೇಕು, ಕೋರ್ಟು ಅಲೆಯಬೇಕು, ಅಡವಿಟ್ಟ ಕಾರ್ಖಾನೆಯನ್ನು ಹರಾಜು ಹಾಕಿ 45 ಎತ್ತಬೇಕು. ನಡುವೆ ಐದಾರು ವರ್ಷ ಕಳೆದರೆ ಲಾಭ ಬಡ್ಡಿಗೇ ಹೋಯಿತು. ಇದಕ್ಕಿಂತ ಚುರುಕಾದ ದಾರಿಯೊಂದಿತ್ತು. ಬಿಲ್ಡರೊಬ್ಬ ಗುತ್ತಿಗೆದಾರನಿಗೆ ನೂರು ಕೊಡಬೇಕಿದೆ ಎಂದುಕೊಳ್ಳಿ, ಗಡುವೇನೂ ಮೀರಿಲ್ಲ. ಆ ಬಾಕಿಯನ್ನು ಹುವಾರೊಂಗ್‌ನಂಥ ಕಂಪನಿ ಕೊಂಡು ಗುತ್ತಿಗೆದಾರನಿಗೆ ದುಡ್ಡು ಕೊಡುತ್ತದೆ. ಬಿಲ್ಡರ್ ಇನ್ನು ಆ ನೂರನ್ನು ಎರಡು-ಮೂರು ವರ್ಷದಲ್ಲಿ ಬಡ್ಡಿ ಸಮೇತ ಕಂಪನಿಗೇ ತೀರಿಸಬೇಕು, ನಿವೇಶನ ಅಡಮಾನ. ಕಾಗದದ ಮೇಲೆ ಇದು ‘ಸಂಕಷ್ಟದ ಆಸ್ತಿ ಖರೀದಿ ಮತ್ತು ಮರುಹೊಂದಾಣಿಕೆ’. ಅಸಲಿಗೆ ಹೊಸ ಸಾಲ. ರಿಯಲ್ ಎಸ್ಟೇಟಿಗೆ ಸಾಲ ಕೊಡದಂತೆ ಬ್ಯಾಂಕುಗಳಿಗೆ ಹಾಕಿದ್ದ ಕಡಿವಾಣ ಈ ಕಾಗದಕ್ಕೆ ತಾಕುವುದಿಲ್ಲ, ಬಡ್ಡಿ ಮಾತ್ರ ಮೊದಲ ದಿನದಿಂದಲೇ ಲಾಭದ ಪಟ್ಟಿಗೆ.

ಕಂಪನಿಗೆ ಬೇಕಾದ ದುಡ್ಡು ಬರುತ್ತಿದ್ದುದು ಬಾಂಡ್‌ಗಳಿಂದ ಮತ್ತು ಬ್ಯಾಂಕುಗಳಿಂದ. ಅರ್ಧಕ್ಕಿಂತ ಹೆಚ್ಚು ಷೇರು ಹಣಕಾಸು ಸಚಿವಾಲಯದ್ದು. ಮುಳುಗಲು ಬಿಡುತ್ತಾರೆಯೇ ಎಂದುಕೊಂಡು ಸಾಲ ಕೊಡುವವರು ಕಡಿಮೆ ಬಡ್ಡಿಗೇ ಕೊಟ್ಟರು. ಶೇಕಡಾ 4ಕ್ಕೆ ತಂದು 10ಕ್ಕೆ ಕೊಟ್ಟರೆ ನಡುವಿನ 6 ಗೆದ್ದಂತೆ. ಆದರೆ ನೂರರಲ್ಲಿ ಸ್ವಂತ ಬಂಡವಾಳ 10 ಮಾತ್ರವಿದ್ದರೆ, ಕೊಟ್ಟ ಸಾಲದ ಹತ್ತನೇ ಒಂದು ಭಾಗ ಮುಳುಗಿದರೂ ಬಂಡವಾಳವೆಲ್ಲ ಖಾಲಿ. ಲಂಚ ಹುಟ್ಟುವುದೂ ಇಲ್ಲೇ: ಬೇರೆಲ್ಲೂ ಸಾಲ ಸಿಗದವನಿಗೆ ಮಂಜೂರಾತಿಯ ಸಹಿಯೇ ದುಬಾರಿ ಸರಕು. ದುರ್ಬಲ ಸಾಲಗಾರನೇ ಹೆಚ್ಚು ಕೊಡಬಲ್ಲ, ಏಕೆಂದರೆ ಅವನು ಕೊಡುತ್ತಿರುವುದು ಪಡೆಯಲಿರುವ ಸಾಲದ ದುಡ್ಡನ್ನೇ.

ಹುವಾರೊಂಗ್ 2015ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ ಬಂದು ಸುಮಾರು 230 ಕೋಟಿ ಡಾಲರ್ ಎತ್ತಿತು. 2017ರ ಕೊನೆಗೆ ಆಸ್ತಿ 1.87 ಲಕ್ಷ ಕೋಟಿ ಯುವಾನ್. ಮರುವರ್ಷ ಏಪ್ರಿಲ್‌ನಲ್ಲಿ ಪಕ್ಷದ ಶಿಸ್ತು ಆಯೋಗ ಲೈ ವಿರುದ್ಧ ತನಿಖೆ ಘೋಷಿಸಿತು. 2017ರಲ್ಲಿ ಸುಮಾರು 2,200 ಕೋಟಿ ಯುವಾನ್ ಇದ್ದ ಲಾಭ 2018ರಲ್ಲಿ 160 ಕೋಟಿಯ ಆಸುಪಾಸಿಗೆ ಬಿತ್ತು.

ಟಿಯಾನ್‌ಜಿನ್‌ನ ನ್ಯಾಯಾಲಯ 2021ರ ಜನವರಿ 5ರಂದು ಮರಣದಂಡನೆ ವಿಧಿಸಿತು. 178.8 ಕೋಟಿ ಯುವಾನ್ ಲಂಚ, ಅದರಲ್ಲಿ ಒಂದೇ ಕಂತು 60 ಕೋಟಿಗೂ ಹೆಚ್ಚು; ಜೊತೆಗೆ 2.5 ಕೋಟಿ ಯುವಾನ್‌ನ ಸಾರ್ವಜನಿಕ ಹಣದ ದುರುಪಯೋಗ, ದ್ವಿಪತ್ನಿತ್ವ. ಇಂಥ ಪ್ರಕರಣಗಳಲ್ಲಿ ಚೀನಾ ನ್ಯಾಯಾಲಯಗಳು ಸಾಮಾನ್ಯವಾಗಿ ‘ಎರಡು ವರ್ಷದ ತಡೆ’ ಸೇರಿಸುತ್ತವೆ. ಆ ಅವಧಿಯಲ್ಲಿ ಬೇರೆ ಅಪರಾಧ ಎಸಗದಿದ್ದರೆ ಶಿಕ್ಷೆ ಜೀವಾವಧಿಗೆ ಇಳಿಯುತ್ತದೆ. ಬ್ಯಾಂಕ್ ಆಫ್ ಚೀನಾದ ಅಧ್ಯಕ್ಷನಾಗಿದ್ದ ಲಿಯು ಲಿಯಾಂಗೆಗೆ 2024ರಲ್ಲಿ ಸಿಕ್ಕಿದ್ದು ಅದೇ. ಲೈಗೆ ಆ ತಡೆ ಸಿಗಲಿಲ್ಲ. ಜನವರಿ 29ರಂದು ಶಿಕ್ಷೆ ಜಾರಿಯಾಯಿತು.

ಕಂಪನಿಯ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. 2020ರ ವರದಿ 2021ರ ಮಾರ್ಚ್ 31ರೊಳಗೆ ಬರಬೇಕಿತ್ತು, ಬರಲಿಲ್ಲ. ಡಾಲರ್ ಬಾಂಡ್‌ಗಳ ಬೆಲೆ ಕುಸಿಯಿತು. ಆಗಸ್ಟ್‌ನಲ್ಲಿ ಹೊರಬಿದ್ದ ನಷ್ಟ 10,290 ಕೋಟಿ ಯುವಾನ್, ಲೈ ಪಡೆದ ಲಂಚದ ಐವತ್ತೇಳು ಪಟ್ಟು. ಅದಷ್ಟನ್ನೂ 100 ಯುವಾನ್ ನೋಟುಗಳಲ್ಲಿ ಪೇರಿಸಿದ್ದರೆ 1,180 ಟನ್‌ಗೂ ಮೀರುತ್ತಿತ್ತು. ಸರ್ಕಾರಿ ಒಡೆತನದ ಸಿಟಿಕ್ ಸಮೂಹದ ಮುಂದಾಳತ್ವದಲ್ಲಿ 4,200 ಕೋಟಿ ಯುವಾನ್ ಹೊಸ ಬಂಡವಾಳ ಸುರಿದು ಕಂಪನಿಯನ್ನು ಉಳಿಸಿಕೊಂಡರು. 2024ರ ಜನವರಿಯಲ್ಲಿ ಹುವಾರೊಂಗ್ ಎಂಬ ಹೆಸರನ್ನೇ ತೆಗೆದು ಸಿಟಿಕ್ ಹೆಸರಿಟ್ಟರು.