ಹೆಂಡತಿಗೆ ಬರೆದ ಕಾಗದ ಎಷ್ಟು ಕೈ ದಾಟಬೇಕು?

ಕ್ರಿ.ಪೂ. 223ರ ಸುಮಾರಿಗೆ ಚೀನಾದ ಚಿನ್ ಸೈನ್ಯದಲ್ಲಿದ್ದ ಇಬ್ಬರು ಅಣ್ಣತಮ್ಮಂದಿರು ಯುದ್ಧದ ನಡುವಿನಿಂದ ಮನೆಗೆ ಕಾಗದ ಬರೆದರು. ಕಾಗದ ಅಂದರೆ ಮರದ ಪಟ್ಟಿ. ಒಬ್ಬ ಹೆಯ್‌ಫು, ಇನ್ನೊಬ್ಬ ಜಿಂಗ್. ಅಮ್ಮ ಹೇಗಿದ್ದಾಳೆ ಅಂತ ಕೇಳಿದ್ದಾರೆ. ದುಡ್ಡು ಕಳಿಸಿ, ಬಟ್ಟೆ ಕಳಿಸಿ ಅಂದಿದ್ದಾರೆ. ಜಿಂಗ್‌ನ ಕೈಯಂತೂ ಪೂರಾ ಬರಿದಾಗಿತ್ತು. ಮನೆಯಿಂದ ಏನೂ ಬರದಿದ್ದರೆ ಸತ್ತೇ ಹೋಗುತ್ತೇನೆ ಎಂದು ಬರೆದು, ಕೊನೆಗೆ 'ಬೇಗ, ಬೇಗ, ಬೇಗ' ಎಂದು ಸೇರಿಸಿದ್ದಾನೆ.

ಅದೇ ಪಟ್ಟಿಯಲ್ಲಿ ಅವನ ಹೊಸ ಹೆಂಡತಿಯೂ ಬರುತ್ತಾಳೆ. ಅವಳು ಚೆನ್ನಾಗಿದ್ದಾಳಾ ಎಂದು ಕೇಳುತ್ತಾನೆ. ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳಲಿ ಎನ್ನುತ್ತಾನೆ. ಅಷ್ಟೇ. ಕಾಗದ ಇರುವುದು ಮನೆಯಲ್ಲಿದ್ದ ಅಣ್ಣನ ಹೆಸರಿಗೆ. ಅಣ್ಣ ಓದಿ ಹೇಳುವ ಕಾಗದದಲ್ಲಿ ಹೆಂಡತಿಗೆ ಇನ್ನೇನು ತಾನೇ ಬರೆಯಲಾಗುತ್ತೆ?

1975-76ರಲ್ಲಿ ಹುಬೇ ಪ್ರಾಂತ್ಯದ ಒಂದು ಸಮಾಧಿಯಲ್ಲಿ ಈ ಪಟ್ಟಿಗಳು ಸಿಕ್ಕವು. ಯುದ್ಧಕ್ಕೆ ಹೋದವನ ಹಂಬಲದ ಕಥೆಯನ್ನು ಅಲ್ಲಿಂದ ಇಲ್ಲಿಯವರೆಗೆ ಹಿಡಿದುಕೊಂಡು ಬಂದರೆ ನನಗೆ ಕಾಣುವುದು ಒಂದೇ. ಗಂಡ ಹೆಂಡತಿಯ ನಡುವೆ ಯಾವಾಗಲೂ ಮೂರನೆಯವರೊಬ್ಬರು ನಿಂತಿರುತ್ತಾರೆ.

ರೋಮ್‌ನಲ್ಲಿ ಹಾಗೆ ನಿಂತಿದ್ದು ಕಾನೂನು. ಸಾಮಾನ್ಯ ಸಿಪಾಯಿ ಸೇವೆಯಲ್ಲಿರುವಾಗ ಮದುವೆಯಾಗುವಂತಿರಲಿಲ್ಲ. ಸೇವೆಯೋ ಎರಡು ದಶಕಕ್ಕೂ ಜಾಸ್ತಿ. ಜೊತೆಗಾತಿ ಇದ್ದರೂ, ಮಕ್ಕಳಾದರೂ, ದಫ್ತರದಲ್ಲಿ ಅವಳು ಹೆಂಡತಿಯಲ್ಲ. ಕ್ರಿ.ಶ. 197ರ ಸುಮಾರಿಗೆ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿ ಈ ಕಟ್ಟನ್ನು ಸಡಿಲಿಸಿದ.

ಅದಾದ ಕೆಲವು ವರ್ಷಕ್ಕೆ ಈಜಿಪ್ಟಿನ ಟೆಬ್ಟುನಿಸ್ ಊರಿನ ಅರೇಲಿಯಸ್ ಪೋಲಿಯನ್ ಎಂಬ ಸಿಪಾಯಿ, ಈಗ ಹಂಗೇರಿ ಇರುವ ಕಡೆಯಿಂದ ಅಮ್ಮನಿಗೆ, ಒಡಹುಟ್ಟಿದವರಿಗೆ ಬರೆದ. ಆರು ಕಾಗದ ಹಾಕಿದ್ದಾನೆ, ಒಂದಕ್ಕೂ ಉತ್ತರ ಬಂದಿಲ್ಲ. ನಾನು ಬರೆಯುತ್ತಲೇ ಇದ್ದೇನೆ, ನಿಮಗೆ ಮಾತ್ರ ನನ್ನ ನೆನಪಿಲ್ಲ ಎಂದು ನೊಂದುಕೊಳ್ಳುತ್ತಾನೆ. ಮನೆಯವರು ನಿಜವಾಗಿ ಬರೆಯಲಿಲ್ಲವೋ, ಬರೆದದ್ದು ದಾರಿಯಲ್ಲಿ ಕಳೆದುಹೋಯಿತೋ ಯಾರು ಬಲ್ಲರು. ಅವನ ಕಾಗದ ಉಳಿದದ್ದು ಈಜಿಪ್ಟಿನ ಒಣ ಮರಳಿನಿಂದ. ಅವನಿಗೆ ಯಾರಾದರೂ ಬರೆದಿದ್ದರೂ ಅವನಿದ್ದ ಡ್ಯಾನ್ಯೂಬ್ ನದಿ ದಂಡೆಯ ಒದ್ದೆ ಮಣ್ಣಿನಲ್ಲಿ ಅದು ಉಳಿಯುತ್ತಿರಲಿಲ್ಲ. ಮುಂದಿನ ಯುದ್ಧಗಳಲ್ಲೂ ಹೀಗೇ ಆಗಿದೆ. ಸಿಪಾಯಿಯ ಕಾಗದ ಮನೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿರುತ್ತದೆ. ಹೆಂಡತಿಯ ಕಾಗದ ಅವನ ಜೇಬಿನಲ್ಲಿ ಬೆವರು ಕುಡಿದು, ಮಳೆಯಲ್ಲಿ ನೆನೆದು, ಎಷ್ಟೋ ಸಲ ಅವನ ಜೊತೆಗೇ ಮಣ್ಣಾಗುತ್ತದೆ.

1688ರಲ್ಲಿ ಈ ಹಂಬಲಕ್ಕೆ ವೈದ್ಯರ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನೆಸ್ ಹೋಫರ್ ಎಂಬ ಯುವಕ ತನ್ನ ಪ್ರಬಂಧದಲ್ಲಿ 'ನಾಸ್ಟಾಲ್ಜಿಯಾ' ಎಂಬ ಪದ ಕಟ್ಟಿದ. ಗ್ರೀಕಿನಲ್ಲಿ 'ನೋಸ್ಟೋಸ್' ಅಂದರೆ ಮನೆಗೆ ಮರಳುವುದು, 'ಆಲ್ಗೋಸ್' ಅಂದರೆ ನೋವು. ಇವತ್ತು ನಾವು ಹಳೇ ಫೋಟೋ ನೋಡಿ ಸುಮ್ನೆ ಹೇಳುವ ಪದ ಇದೇ. ಆಗ ಅದು ಜೀವ ತೆಗೆಯುವ ಕಾಯಿಲೆಯ ಹೆಸರು. ಮುಂದೆ ಬೇರೆ ರಾಜರ ಪರವಾಗಿ ಕೂಲಿಗೆ ಹೋರಾಡುತ್ತಿದ್ದ ಸ್ವಿಸ್ ಸಿಪಾಯಿಗಳ ಜೊತೆ ಈ ಕಾಯಿಲೆ ಅಂಟಿಕೊಂಡಿತು. ಅವರ ಮುಂದೆ ದನಗಾಹಿಗಳ ರಾಗ ನುಡಿಸುವುದಕ್ಕೇ ನಿಷೇಧವಿತ್ತು, ಕೇಳಿದವರು ಅಳುತ್ತಿದ್ದರು, ಓಡಿಹೋಗುತ್ತಿದ್ದರು ಎಂದು ರೂಸೋ ಬರೆದಿದ್ದಾನೆ.

ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಉತ್ತರದ ಸೈನ್ಯದ ವೈದ್ಯರು ಈ ಕಾಯಿಲೆಯ 5,000ಕ್ಕೂ ಹೆಚ್ಚು ಪ್ರಕರಣ ದಾಖಲಿಸಿದರು. ಹತ್ತಾರು ಸಾವುಗಳ ಮುಂದೆ ಕಾರಣ ಎಂದು ಇದನ್ನೇ ಬರೆದರು. ಅದರ ಹಿಂದೆ ಜ್ವರ, ಭೇದಿ, ಇವತ್ತು ನಾವು ಖಿನ್ನತೆ ಎನ್ನುವುದು ಎಲ್ಲವೂ ಇದ್ದಿರಬೇಕು. ಹೋಫರ್ ಇದಕ್ಕೆ ಮದ್ದನ್ನೂ ಹೇಳಿದ್ದ. ಬೇರೆ ಏನೂ ನಾಟದಿದ್ದರೆ ಮನೆಗೆ ಕಳಿಸಿ ಅಂತ. ಯುದ್ಧದ ನಡುವೆ ಸೈನ್ಯ ಸುಲಭವಾಗಿ ಕೊಡಲಾಗದ ಮದ್ದೇ ಅದು, ಅಲ್ವಾ?

ಮೊದಲ ಮಹಾಯುದ್ಧದ ಹೊತ್ತಿಗೆ ಸೈನ್ಯಗಳು ಬೇರೆ ದಾರಿ ಹಿಡಿದವು. ಸಿಪಾಯಿಯನ್ನು ಮನೆಗೆ ಕಳಿಸಲಾಗದಿದ್ದರೆ ಮನೆಯ ಕಾಗದವನ್ನಾದರೂ ಅವನಿಗೆ ಮುಟ್ಟಿಸಬೇಕು. ಇಂಗ್ಲೆಂಡಿನಿಂದ ಫ್ರಾನ್ಸಿನ ಕಂದಕಕ್ಕೆ ಎರಡು ಮೂರು ದಿನದಲ್ಲಿ ಟಪಾಲು ಹೋಗುತ್ತಿತ್ತು. ಆದರೆ ಕಂದಕದಿಂದ ಹೊರಡುವ ಕಾಗದವನ್ನು ಅವನ ತುಕಡಿಯ ಅಧಿಕಾರಿಯೇ ಓದುತ್ತಿದ್ದ. ಬೆಳಿಗ್ಗೆ ಯಾರ ಎದುರು ಸೆಲ್ಯೂಟ್ ಹೊಡೆದು ನಿಂತಿದ್ದನೋ ಅವನೇ ಸಂಜೆ ಕೂತು, ಇವನು ಹೆಂಡತಿಗೆ ಬರೆದದ್ದನ್ನು ಓದುವುದು! ಈ ಸಂಕೋಚಕ್ಕೆ ಪರಿಹಾರವಾಗಿ ಹಸಿರು ಲಕೋಟೆ ಬಂತು. ಒಳಗಿರುವುದು ಬರೀ ಮನೆಯ ವಿಷಯ ಎಂದು ಮಾತು ಕೊಟ್ಟು ಸಹಿ ಹಾಕಿದರೆ ತುಕಡಿಯಲ್ಲಿ ಅದನ್ನು ಒಡೆಯುತ್ತಿರಲಿಲ್ಲ. ಆದರೆ ಅದು ಸಿಗುತ್ತಿದ್ದದ್ದು ಲೆಕ್ಕ ಮಾಡಿ.

ಬರೆಯಲು ಪುರುಸೊತ್ತಿಲ್ಲದವನಿಗೆ ಅಚ್ಚು ಹಾಕಿದ ಕಾರ್ಡ್. 'ನಾನು ಚೆನ್ನಾಗಿದ್ದೇನೆ', 'ಆಸ್ಪತ್ರೆಗೆ ಸೇರಿದ್ದೇನೆ' ಎಂಬ ಸಾಲುಗಳಲ್ಲಿ ಬೇಡದ್ದನ್ನು ಹೊಡೆದುಹಾಕಬೇಕು. ಸಹಿ, ತಾರೀಖು ಬಿಟ್ಟು ಒಂದು ಪದ ಸೇರಿಸಿದರೂ ಕಾರ್ಡನ್ನೇ ನಾಶ ಮಾಡುತ್ತೇವೆ ಎಂಬ ಎಚ್ಚರಿಕೆ ಮೇಲೇ ಇತ್ತು. ಅದರ ಕೊನೆಯಲ್ಲಿ 'ನಿನ್ನಿಂದ ಬಹಳ ದಿನದಿಂದ ಕಾಗದ ಬಂದಿಲ್ಲ' ಅಂತಲೂ ಒಂದು ಸಾಲು. ಪೋಲಿಯನ್‌ನ ನೋವು ಈಗ ಅಚ್ಚಾಗಿ ಬರುತ್ತಿತ್ತು.

ಅದೇ ಯುದ್ಧಕ್ಕೆ ಹೋದ ಭಾರತದ ಸಿಪಾಯಿಗಳ ಪಾಡು ಇನ್ನೂ ಕಷ್ಟ. ಹೊರದೇಶಕ್ಕೆ ಹೋದವರು 10 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಓದು ಬರಹ ಬಂದವರು ಕಡಿಮೆ. ಇವನು ಹೇಳಬೇಕು, ಇನ್ನೊಬ್ಬ ಬರೆಯಬೇಕು. ಸೆನ್ಸಾರ್ ಕಚೇರಿಯವರು ಓದಬೇಕು. ಊರಿನಲ್ಲಿ ಮತ್ತೊಬ್ಬರು ಗಟ್ಟಿಯಾಗಿ ಓದಿ ಹೇಳಬೇಕು. ನಾಲ್ಕು ಜನ ಕೇಳಿಸಿಕೊಂಡ ಮೇಲೆ ಕೊನೆಗೆ ಅವಳ ಕಿವಿಗೆ ಬೀಳುವ ಮಾತಿನಲ್ಲಿ ಎಷ್ಟು ಉಳಿದೀತು? ಇಂಥ ಕಾಗದದಲ್ಲಿ 'ಎಲ್ಲರನ್ನೂ ಕೇಳಿದೆ ಅಂತ ಹೇಳಿ' ಎಂಬ ಮಾತು ಬಂದರೆ, ಆ 'ಎಲ್ಲರಲ್ಲಿ' ಅವಳನ್ನು ಹುಡುಕಿ ಓದಬೇಕು ಅನಿಸುತ್ತದೆ.

ನಡುವೆ ನಿಂತವರೆಲ್ಲ ಅಡ್ಡಿಯೇ ಆಗಿರಲಿಲ್ಲ. 1945ರ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಮೆರಿಕನ್ ಸಿಪಾಯಿಗಳ ಟಪಾಲು ತಿಂಗಳುಗಟ್ಟಲೆ ಕೊಳೆಯುತ್ತಿತ್ತು. ಅದನ್ನು ಬಿಡಿಸಲು ಬಂದದ್ದು 6888ನೇ ಬೆಟಾಲಿಯನ್. ಸುಮಾರು 850 ಮಹಿಳೆಯರು, ಬಹುತೇಕ ಎಲ್ಲರೂ ಕಪ್ಪು ಜನಾಂಗದವರು. ಕಿಟಕಿಗಳಿಗೆ ಕಪ್ಪು ಬಳಿದ, ಚಳಿ ಹಿಡಿದ ಗೋದಾಮುಗಳಲ್ಲಿ ಮೂರು ಪಾಳಿಯಲ್ಲಿ ದುಡಿದರು. ಒಂದೇ ಹೆಸರಿನ ಸಾವಿರಾರು ಸಿಪಾಯಿಗಳಿದ್ದರು, ಸೈನಿಕ ನಂಬರ್ ನೋಡಿ ಬೇರೆ ಮಾಡಬೇಕು. ಆರು ತಿಂಗಳ ಕೆಲಸ ಎಂದದ್ದನ್ನು ಮೂರು ತಿಂಗಳಲ್ಲಿ ಮುಗಿಸಿದರು. ಸತ್ತವರ ಹೆಸರಿಗೆ ಬಂದ ಕಾಗದಗಳನ್ನು ಹಿಂದಕ್ಕೆ ಕಳಿಸುವ ಕೆಲಸವೂ ಅವರದ್ದೇ.

ವಿಯೆಟ್ನಾಂ ಯುದ್ಧದಲ್ಲಿ ದನಿ ಬಂತು. ಹವ್ಯಾಸಿ ರೇಡಿಯೋದವರು ಸಿಪಾಯಿಯ ಕರೆಯನ್ನು ಮನೆಯ ಫೋನಿಗೆ ಜೋಡಿಸಿ ಕೊಡುತ್ತಿದ್ದರು. ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಮುಗಿದ ಮೇಲೆ 'ಓವರ್' ಅನ್ನಬೇಕು, ಆಗ ಆಪರೇಟರ್ ಸ್ವಿಚ್ ಬದಲಿಸುತ್ತಾನೆ. 'ನಿನ್ನ ನೆನಪಾಗುತ್ತಿದೆ, ಓವರ್.' ಇಡೀ ಹೊತ್ತು ಆ ಆಪರೇಟರ್ ಕೇಳಿಸಿಕೊಳ್ಳುತ್ತಲೇ ಇರುತ್ತಾನೆ.

ಈಗ ವಿಡಿಯೋ ಕಾಲ್ ಇದೆ. ಮಗು ಹೆಜ್ಜೆ ಇಡುವುದನ್ನು ಶಿಬಿರದಲ್ಲಿ ಕೂತೇ ನೋಡಬಹುದು. ಆದರೆ ಇರಾಕ್, ಅಫ್ಘಾನಿಸ್ತಾನದ ಅಮೆರಿಕನ್ ಶಿಬಿರಗಳಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಸತ್ತರೆ ಅಥವಾ ಜೋರಾಗಿ ಗಾಯಗೊಂಡರೆ ಫೋನ್, ಇಂಟರ್ನೆಟ್ ಬಂದ್. ಅವರ ಮನೆಗೆ ಅಧಿಕೃತವಾಗಿ ತಿಳಿಸುವ ತನಕ ಬೇರೆ ಯಾರೂ ಸುದ್ದಿ ಮುಟ್ಟಿಸಬಾರದು. ಉದ್ದೇಶ ಒಳ್ಳೆಯದೇ. ಅದನ್ನು ತಿಳಿದ ಹೆಂಡತಿಯರಿಗೆ ಮಾತ್ರ ಮೆಸೇಜ್ ಬರದಿರುವುದೇ ಸುದ್ದಿಯಾಯಿತು. ತುಕಡಿಯ ಯಾರ ಮನೆಗೂ ಫೋನ್ ಬರುತ್ತಿಲ್ಲ ಅಂದರೆ ಯಾರದೋ ಮನೆಗೆ ಅಧಿಕಾರಿಗಳು ಹೊರಟಿದ್ದಾರೆ ಅಂತ ಅರ್ಥ. ಕಾರು ಯಾರ ಬಾಗಿಲಿಗೆ ಬರುತ್ತದೆ ಎಂದು ಕಿಟಕಿ ಬಿಟ್ಟು ಅಲ್ಲಾಡದೆ ನಿಲ್ಲಬೇಕು, ಫೋನ್ ಮತ್ತೆ ಮಿನುಗುವವರೆಗೆ.