ಮಳೆಗಾಲದಲ್ಲಿ ವಯಲ್ ತೆರೆಯುವ ಮುನ್ನ

ಆಷಾಢದ ಮಳೆ ಹಿಡಿದರೆ ಚಿಕ್ಕಮಗಳೂರಿನಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಫ್ರೀಜರ್‌ನಿಂದ ತೆಗೆದ ತಣ್ಣನೆಯ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರು ಸರಪಳಿ) ವಯಲನ್ನು, ಅಂದರೆ ಪುಟ್ಟ ಸೀಸೆಯನ್ನು, ಆ ಗಾಳಿಯಲ್ಲಿ ತೆರೆದರೆ ತೇವವೆಲ್ಲ ಪುಡಿಯ ಮೇಲೆ ಇಬ್ಬನಿಯಂತೆ ಕೂರುತ್ತದೆ. ಮುಚ್ಚಳ ಬಿಚ್ಚದೆ ಒಂದು ಗಂಟೆ ಡೆಸಿಕೇಟರ್‌ನಲ್ಲಿಡಿ, ಅಂದರೆ ತೇವ ಹೀರುವ ಪಾತ್ರೆಯಲ್ಲಿ. ಒಳಗಿನ ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದ್ದರೆ ಅದು ತೇವ ಕುಡಿದು ಮುಗಿಸಿದೆ ಎಂದರ್ಥ. ಮೊದಲು ಜೆಲ್ಲನ್ನು ಓವನ್‌ನಲ್ಲಿ ಒಣಗಿಸಿಕೊಳ್ಳಿ. ತೆರೆಯುವ ಮುನ್ನ ಒಂದು ನಿಮಿಷ ಸೆಂಟ್ರಿಫ್ಯೂಜ್ ಮಾಡಿದರೆ ಗೋಡೆಗಂಟಿದ ಪುಡಿ ತಳಕ್ಕಿಳಿಯುತ್ತದೆ.

ಬೆಳವಣಿಗೆ ಹಾರ್ಮೋನನ್ನು ಹೊರಬಿಡಿಸುವ ಜಿಎಚ್‌ಆರ್‌ಪಿ-6 ಎಂಬ ಪೆಪ್ಟೈಡಿನ ಉದಾಹರಣೆ ನೋಡೋಣ. ಆರು ಅಮೈನೋ ಆಮ್ಲಗಳ ಸರಪಳಿ, ಅಣುತೂಕ 873. 1980ರ ದಶಕದಲ್ಲೇ ತಯಾರಾದ ಈ ಕೃತಕ ಕೀಲಿಯ ಬೀಗ, ಅಂದರೆ ಕೋಶದ ಮೇಲೆ ಅದು ಹೋಗಿ ಕೂರುವ ರಿಸೆಪ್ಟರ್, ಗೊತ್ತಾದದ್ದು 1996ರಲ್ಲಿ; ದೇಹದ ಸ್ವಂತ ಕೀಲಿಯಾದ ಗ್ರೆಲಿನ್ ಹಾರ್ಮೋನ್ ಸಿಕ್ಕಿದ್ದು 1999ರಲ್ಲಿ.

ಹೆಚ್ಚಿನ ತಪ್ಪು ಲೆಕ್ಕದಲ್ಲೇ ಆಗುತ್ತದೆ. ಲೇಬಲ್ಲಿನ 98 ಶೇಕಡಾ ಶುದ್ಧತೆ, ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯದು; ಪುಡಿಯಲ್ಲಿರುವ ನೀರು, ಉಪ್ಪು ಅದರ ಲೆಕ್ಕಕ್ಕೆ ಬರುವುದಿಲ್ಲ. ಈ ಪೆಪ್ಟೈಡಿನ ಮೂರು ಕ್ಷಾರೀಯ ತಾಣಗಳಿಗೆ ಮೂರು ಟ್ರೈಫ್ಲೋರೊಅಸಿಟಿಕ್ ಆಮ್ಲದ ಅಣುಗಳು ಅಂಟಿದ್ದರೆ ತೂಕದ 28 ಶೇಕಡಾ ಅವುಗಳದ್ದೇ. 5 ಮಿಲಿಗ್ರಾಂ ಪುಡಿಯಲ್ಲಿ ಪೆಪ್ಟೈಡ್ 3.5 ಮಿಲಿಗ್ರಾಂ ಇದ್ದರೆ, ಒಂದು ಮಿಲಿಮೋಲಾರ್ ಸಾಂದ್ರತೆಯ ಸ್ಟಾಕ್‌ಗೆ (ಮೂಲ ದ್ರಾವಣಕ್ಕೆ) ಬೇಕಾದದ್ದು 4 ಮಿಲಿಲೀಟರ್ ನೀರು. ಲೇಬಲ್ಲಿನ 5 ಮಿಲಿಗ್ರಾಂ ಪೂರ್ತಿ ಪೆಪ್ಟೈಡೆಂದು ನಂಬಿ 5.7 ಮಿಲಿಲೀಟರ್ ಹಾಕಿದರೆ ಸ್ಟಾಕ್ 0.7 ಮಿಲಿಮೋಲಾರ್‌ಗೆ ಇಳಿಯುತ್ತದೆ, ಡೋಸ್‌ಗೆ ತಕ್ಕ ಪರಿಣಾಮ ತೋರಿಸುವ ಗ್ರಾಫ್ ಪಕ್ಕಕ್ಕೆ ಸರಿಯುತ್ತದೆ. ಲೇಬಲ್ಲಿನ 5 ಮಿಲಿಗ್ರಾಂ ಪುಡಿಯದೋ ಪೆಪ್ಟೈಡಿನದೋ ಎಂದು ಮಾರಿದವರನ್ನು ಕೇಳಲೇಬೇಕು. ಮಳೆಗಾಲದಲ್ಲಿ ಒಂದೆರಡು ಮಿಲಿಗ್ರಾಂ ತೂಗಿ ತೆಗೆಯುವ ಸಾಹಸ ಬೇಡ, ಇಡೀ ವಯಲನ್ನೇ ಕರಗಿಸಿ.

ತಾಳೆ ನೋಡಲು ಸುಲಭದ ದಾರಿಯೊಂದಿದೆ. ಸರಪಳಿಯಲ್ಲಿ ಎರಡು ಟ್ರಿಪ್ಟೊಫಾನ್ ಅಮೈನೋ ಆಮ್ಲಗಳಿವೆ, 280 ನ್ಯಾನೊಮೀಟರ್ ತರಂಗಾಂತರದಲ್ಲಿ ಅವು ಬೆಳಕು ಹೀರುತ್ತವೆ. ಸ್ಟಾಕನ್ನು 20 ಪಟ್ಟು ತೆಳುಮಾಡಿ ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸುವ ಪುಟ್ಟ ಪಾತ್ರೆಯಲ್ಲಿ) ಬೆಳಕಿನ ಹೀರಿಕೆಯನ್ನು ಓದಿ. 0.55ರ ಆಸುಪಾಸು ಬಂದರೆ ಲೆಕ್ಕ ಸರಿ; 0.39 ಬಂದರೆ ನೀರು ಹೆಚ್ಚಾಗಿದೆ.

ಸ್ಟಾಕನ್ನು 50 ಮೈಕ್ರೊಲೀಟರ್‌ನಂತೆ ಹಂಚಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ನ್ಯಾನೊಮೋಲಾರ್ ಮಟ್ಟದಲ್ಲಿ ಪೆಪ್ಟೈಡ್ ಪ್ಲಾಸ್ಟಿಕ್ಕಿಗೆ ಅಂಟಿ ಮಾಯವಾಗಬಹುದು, ಬಫರ್‌ಗೆ 0.1 ಶೇಕಡಾ ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಸೇರಿಸಿ, ಆ ತೆಳು ದ್ರಾವಣವನ್ನು ಅಂದೇ ತಯಾರಿಸಿ ಅಂದೇ ಬಳಸಿ.

ಇಷ್ಟಾದ ಮೇಲೂ ಕೋಶಗಳ ಪರೀಕ್ಷೆಯಲ್ಲಿ ಸಿಗ್ನಲ್ ಬರದಿದ್ದರೆ ನೀವು ಏನನ್ನು ಅಳೆಯುತ್ತಿದ್ದೀರಿ ಎಂದು ನೋಡಿಕೊಳ್ಳಿ. ಬೆಳವಣಿಗೆ ಹಾರ್ಮೋನನ್ನು ಹೊರಬಿಡಿಸುವ ದೇಹದ ಇನ್ನೊಂದು ಹಾರ್ಮೋನಾದ ಜಿಎಚ್‌ಆರ್‌ಎಚ್, ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ಏರಿಸುತ್ತದೆ. ಜಿಎಚ್‌ಆರ್‌ಪಿ-6 ಮುಖ್ಯವಾಗಿ ಎಬ್ಬಿಸುವುದು ಕ್ಯಾಲ್ಸಿಯಂ ಅಲೆಯನ್ನು, ಅದೂ ಸೆಕೆಂಡುಗಳಲ್ಲಿ. ಸೈಕ್ಲಿಕ್ ಎಎಂಪಿ ಕಿಟ್ ಹಿಡಿದು ಕಾದವರು ಒಳ್ಳೆಯ ಪೆಪ್ಟೈಡನ್ನೇ ಸತ್ತಿದೆ ಎಂದು ಎಸೆದುಬಿಡುತ್ತಾರೆ. ರಿಸೆಪ್ಟರ್ ಬೇಗ ದಣಿಯುವುದರಿಂದ ಕೋಶಗಳಿರುವ ಪ್ಲೇಟಿನ ಒಂದು ಗುಳಿಗೆ (ವೆಲ್) ಒಂದೇ ಡೋಸ್. ರಿಸೆಪ್ಟರ್ ಇಲ್ಲದ ಕೋಶಗಳ ಕಂಟ್ರೋಲ್ ಇಲ್ಲದೆ ಯಾವ ಏರಿಕೆಯನ್ನೂ ನಂಬಬೇಡಿ.

ಈ ಪುಡಿಯನ್ನು ಚುಚ್ಚಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಕೂಡದು. ಸಂಶೋಧನೆಗೆಂದು ಮಾರುವ ವಯಲ್‌ಗೆ ಮನುಷ್ಯರ ಔಷಧಕ್ಕಿರುವ ಸ್ಟೆರಿಲಿಟಿ, ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆಗಳ ಖಾತರಿ ಇಲ್ಲ, ಕ್ರೀಡಾಪಟುಗಳಿಗೆ ವಿಶ್ವ ಉದ್ದೀಪನ ವಿರೋಧಿ ಸಂಸ್ಥೆ ವಾಡಾ ಇದನ್ನು ನಿಷೇಧಿಸಿದೆ.